ಮಾಳಿಗೆ ಮೇಲೆ ಹಳೇ ದೆವ್ವದ ಸಿನಿಮಾ: ಎಲ್ಲರೂ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ ಚಳಿಗಾಲದ ಶನಿವಾರಗಳಲ್ಲಿ ಸಿನಿಮಾ ಹಾಕುತ್ತೇವೆ. ಒಂದು ಸಣ್ಣ ಪ್ರೊಜೆಕ್ಟರ್, ನೀರಿನ ಟ್ಯಾಂಕಿನ ಗೋಡೆಗೆ ಕಟ್ಟಿದ ಬಿಳಿ ಬೆಡ್‌ಶೀಟ್, ಕೆಳಗೆ ಜಮಖಾನೆ. ಓಣಿಯವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಇಲ್ಲಿಯವರೆಗೆ ಮೂರು ಸಲ ಹಾಕಿದ ಸಿನಿಮಾ ಒಂದೇ. ಅದು 1961ರ ‘ದಿ ಇನ್ನೊಸೆಂಟ್ಸ್’. ಪ್ರತಿ ಸಲವೂ ಅವೇ ಪ್ರಶ್ನೆಗಳು ಬರುತ್ತವೆ. ಫೋನಿನಲ್ಲಿ ಕೇಳುತ್ತಾರೆ, ಹಾಲು ತರಲು ಹೋದಾಗ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಎಲ್ಲರಿಗೂ ಪೂರ್ತಿ ಉತ್ತರ ಸಿಗಲಿ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಇದು ಯಾವ ಸಿನಿಮಾ? ಯಾರು ಮಾಡಿದ್ದು?

ಇಂಗ್ಲೆಂಡಿನ ಸಿನಿಮಾ. ನಿರ್ದೇಶಕ ಜ್ಯಾಕ್ ಕ್ಲೇಟನ್. ಕಪ್ಪು ಬಿಳುಪು, ಸುಮಾರು ನೂರು ನಿಮಿಷ. ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಎಂಬ ನೀಳ್ಗತೆ ಇದರ ಮೂಲ. ಆ ಕಥೆಯನ್ನು ವಿಲಿಯಂ ಆರ್ಚಿಬಾಲ್ಡ್ 1950ರಲ್ಲಿ ನಾಟಕ ಮಾಡಿದರು. ಆ ನಾಟಕದಿಂದ ಸಿನಿಮಾ ಹುಟ್ಟಿತು. ಚಿತ್ರಕಥೆಯಲ್ಲಿ ಆರ್ಚಿಬಾಲ್ಡ್ ಜೊತೆ ಟ್ರೂಮನ್ ಕಪೋಟಿ ಹೆಸರೂ ಇದೆ.

ಕಥೆಯ ಮುಖ್ಯ ಪಾತ್ರ, ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬರುವ ಒಬ್ಬ ಟೀಚರ್. ಆ ಪಾತ್ರ ಮಾಡಿದವರು ಡೆಬೊರಾ ಕೆರ್. ಮೂಲ ಕಥೆಯ ಟೀಚರ್ ಇಪ್ಪತ್ತರ ಹುಡುಗಿ, ಅವಳಿಗೆ ಹೆಸರೇ ಇಲ್ಲ. ಸಿನಿಮಾದಲ್ಲಿ ಅವಳಿಗೆ ಮಿಸ್ ಗಿಡನ್ಸ್ ಅಂತ ಹೆಸರಿದೆ, ವಯಸ್ಸೂ ಜಾಸ್ತಿ. ಈ ಬದಲಾವಣೆ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಜೀವನದ ಮೊದಲ ಕೆಲಸಕ್ಕೆ ಹೊರಟ ನಡುವಯಸ್ಸಿನ ಒಂಟಿ ಹೆಂಗಸು ಅವಳು. ಅಂಥವಳ ಆತಂಕವೇ ಬೇರೆ ಥರ ಇರುತ್ತದೆ.

ಇದೇ ಹೆಸರಿನ ಬೇರೆ ಸಿನಿಮಾ ಸಿಕ್ಕಿತು. ಅದನ್ನೇ ಹಾಕಬಹುದಾ?

ಬೇಡ. 2021ರಲ್ಲಿ ನಾರ್ವೆಯಿಂದ ಬಂದ ಸಿನಿಮಾಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಅದರಲ್ಲೂ ಮಕ್ಕಳಿದ್ದಾರೆ, ಅದೂ ಹೆದರಿಸುತ್ತದೆ. ಆದರೆ ಕಥೆ ಬೇರೆ. ಅದರಲ್ಲಿ ಬೆಕ್ಕನ್ನು ಹಿಂಸೆ ಮಾಡುವ ದೃಶ್ಯವಿದೆ, ಮನೆಮಂದಿ ಕೂತು ನೋಡುವಂಥದ್ದಲ್ಲ. ಹುಡುಕುವಾಗ 1961 ಅಂತ ವರ್ಷ ಸೇರಿಸಿ, ನಿರ್ದೇಶಕರ ಹೆಸರೂ ಹಾಕಿ. ಡಿಸ್ಕ್ ಬೇಕೆಂದರೆ ಕ್ರೈಟೀರಿಯನ್ ಕಂಪನಿ 2014ರಲ್ಲಿ ಒಳ್ಳೆಯ ಬ್ಲೂ-ರೇ ತಂದಿದೆ.

ಕಥೆ ಏನು? ಕೊನೆ ಮಾತ್ರ ಹೇಳಬೇಡಿ.

ಲಂಡನ್ನಿನ ಒಬ್ಬ ಸಾಹುಕಾರ. ಅಪ್ಪ ಅವ್ವ ಇಲ್ಲದ ಇಬ್ಬರು ಮಕ್ಕಳು ಅವನ ಪಾಲಿಗೆ ಬಿದ್ದಿದ್ದಾರೆ. ಹುಡುಗ ಮೈಲ್ಸ್, ಹುಡುಗಿ ಫ್ಲೋರಾ. ಅವನಿಗೆ ಮಕ್ಕಳ ಉಸಾಬರಿ ಬೇಡ. ದೂರದ ಹಳ್ಳಿಯ ಬ್ಲೈ ಎಂಬ ಬಂಗಲೆಯಲ್ಲಿ ಅವರನ್ನು ಇಟ್ಟಿದ್ದಾನೆ. ಮಿಸ್ ಗಿಡನ್ಸ್‌ಳನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಒಂದೇ ಮಾತು ಹೇಳುತ್ತಾನೆ. ಎಲ್ಲ ಜವಾಬ್ದಾರಿ ನಿನ್ನದು, ನನ್ನನ್ನು ಯಾವುದಕ್ಕೂ ಕೇಳಬೇಡ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಹಾಕುತ್ತಾನೆ. ನಿನಗೆ ಕಲ್ಪನಾಶಕ್ತಿ ಇದೆಯಾ? ಅವಳು ಇದೆ ಅನ್ನುತ್ತಾಳೆ. ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ.

ಬಂಗಲೆಗೆ ಬಂದರೆ ಎಲ್ಲ ಚೆಂದ. ಹೂವು, ಕೆರೆ, ಪಾರಿವಾಳ. ಫ್ಲೋರಾ ಒಂದು ಆಮೆ ಸಾಕಿದ್ದಾಳೆ. ಮನೆ ನೋಡಿಕೊಳ್ಳುವ ಮಿಸೆಸ್ ಗ್ರೋಸ್ ಒಳ್ಳೆಯವಳು. ಅಷ್ಟರಲ್ಲಿ ಮೈಲ್ಸ್‌ನ ಶಾಲೆಯಿಂದ ಕಾಗದ ಬರುತ್ತದೆ, ಹುಡುಗನನ್ನು ತೆಗೆದುಹಾಕಿದ್ದೇವೆ ಅಂತ. ಆಮೇಲೆ ಗೋಪುರದ ಮೇಲೆ ಒಬ್ಬ ಗಂಡಸು ನಿಂತಂತೆ ಕಾಣುತ್ತದೆ. ಕೆರೆಯ ಆಚೆ ಕಪ್ಪು ಬಟ್ಟೆಯ ಹೆಂಗಸು ಕಾಣುತ್ತಾಳೆ. ಅವನು ಕ್ವಿಂಟ್, ಮೊದಲು ಅಲ್ಲಿದ್ದ ಆಳು. ಅವಳು ಮಿಸ್ ಜೆಸೆಲ್, ಹಿಂದಿನ ಟೀಚರ್. ಇಬ್ಬರೂ ಸತ್ತಿದ್ದಾರೆ. ಸತ್ತವರು ಮಕ್ಕಳನ್ನು ಹಿಡಿದಿದ್ದಾರೆ ಅಂತ ಗಿಡನ್ಸ್ ನಂಬುತ್ತಾಳೆ. ಮಕ್ಕಳನ್ನು ಉಳಿಸಲು ನಿಲ್ಲುತ್ತಾಳೆ.

ಅರವತ್ತು ವರ್ಷ ಹಳೇದು, ಅದೂ ಕಪ್ಪು ಬಿಳುಪು. ನಿಜವಾಗಿಯೂ ಹೆದರಿಕೆ ಆಗುತ್ತಾ?

ಆಗುತ್ತದೆ. ಈಗಿನ ಸಿನಿಮಾಗಳು ಹೆದರಿಸುವ ರೀತಿಯಲ್ಲಿ ಅಲ್ಲ. ಧಡಕ್ಕನೆ ಶಬ್ದ ಮಾಡಿ ಮುಖ ತೋರಿಸುವುದು ಇದರಲ್ಲಿ ತೀರಾ ಕಡಿಮೆ. ದೆವ್ವ ದೂರದಲ್ಲಿ ಸುಮ್ನೆ ನಿಂತಿರುತ್ತದೆ. ನಿಂತೇ ಇರುತ್ತದೆ.

ಅದೂ ಹಗಲಿನಲ್ಲಿ. ಗೋಪುರದ ಮೇಲಿನ ಗಂಡಸು ಕಾಣುವುದು ಚುರುಗುಟ್ಟುವ ಬಿಸಿಲಿನಲ್ಲಿ. ಅವನು ಕಾಣುವ ಹೊತ್ತಿಗೆ ಹಕ್ಕಿಗಳ ಸದ್ದು ನಿಂತುಹೋಗುತ್ತದೆ. ಕೆರೆಯ ಜೊಂಡಿನ ನಡುವೆ ಹೆಂಗಸು ನಿಂತಿರುವುದೂ ಹಗಲಲ್ಲೇ. ಬೇರೆ ಊರಿನವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮ ಕಡೆಯವರಿಗೆ ಅನಿಸಬಾರದು. ‘ಮಟಮಟ ಮಧ್ಯಾಹ್ನ ಹೊರಗ ಹೋಗಬ್ಯಾಡ’ ಅನ್ನುವ ಮಾತು ಕೇಳದೆ ಕಲಬುರಗಿ, ಬೀದರ, ಯಾದಗಿರಿ ಕಡೆ ಬೆಳೆದವರು ಯಾರಿದ್ದಾರೆ? ಮೇ ತಿಂಗಳ ಹನ್ನೆರಡು ಗಂಟೆ. ಓಣಿಯಲ್ಲಿ ಒಂದು ನಾಯಿ ಕೂಡ ಇಲ್ಲ. ಬಾಗಿಲೆಲ್ಲ ಮುಚ್ಚಿವೆ. ಬಿಸಿಲು ನಲವತ್ತು ಡಿಗ್ರಿ ದಾಟಿದೆ. ದೂರದ ರಸ್ತೆ ನೀರಿನ ಹಾಗೆ ಅಲುಗಾಡುತ್ತದೆ. ಆ ಹೊತ್ತಿನಲ್ಲಿ ಒಂಟಿ ಬೇವಿನ ಮರದ ಕೆಳಗೆ ಯಾರೋ ನಿಂತಂತೆ ಕಂಡರೆ ಹೇಗಿರುತ್ತದೆ? ರಾತ್ರಿಯ ಭಯಕ್ಕೆ ದೀಪ ಹಚ್ಚಬಹುದು. ಹಗಲಿನ ಭಯಕ್ಕೆ ಏನು ಹಚ್ಚುವುದು? ಜ್ಯಾಕ್ ಕ್ಲೇಟನ್ ಅವರಿಗೆ ನಮ್ಮ ಬಿಸಿಲು ಗೊತ್ತಿರಲಿಲ್ಲ. ಆದರೆ ಆ ಭಯ ಗೊತ್ತಿತ್ತು.

ನಮ್ಮ ಆಯಿ, ಮುತ್ಯಾ ಹೇಳುತ್ತಿದ್ದ ಕಥೆಗಳಿಗೂ ಇದಕ್ಕೂ ಏನು ಸಂಬಂಧ?

ಇದಕ್ಕೆ ಉದ್ದ ಉತ್ತರ ಬೇಕು. ನನಗೆ ಈ ಸಿನಿಮಾ ಯಾಕೆ ಇಷ್ಟು ಹತ್ತಿರ ಅನ್ನುವುದೂ ಇದರಲ್ಲೇ ಬರುತ್ತದೆ.

ನಮ್ಮ ಅವ್ವನ ತವರು ಯಾದಗಿರಿ ಕಡೆ, ಭೀಮಾ ನದಿಯ ದಂಡೆಯ ಒಂದು ಹಳ್ಳಿ. ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿದ್ದೆವು. ನನಗೆ ಆಗ ಒಂಬತ್ತು ವರ್ಷ. ಬೇಸಿಗೆಯಲ್ಲಿ ಹೊಳೆ ಸಣ್ಣದಾಗುತ್ತದೆ. ಆದರೆ ಅಲ್ಲಲ್ಲಿ ಆಳವಾದ ಮಡುವು ಉಳಿಯುತ್ತವೆ. ಮೇಲಿಂದ ನೋಡಿದರೆ ಮೊಣಕಾಲುದ್ದ ನೀರು ಅನಿಸುತ್ತದೆ, ಇಳಿದರೆ ಆಳು ಮುಳುಗುತ್ತದೆ. ಮಧ್ಯಾಹ್ನ ಹೊಳೆಗೆ ಹೋದರೆ ಹಿಡಿಯುತ್ತದೆ ಅಂತ ನಮ್ಮ ಆಯಿ ಹೇಳುತ್ತಿದ್ದರು. ಏನು ಹಿಡಿಯುತ್ತದೆ ಅಂತ ಹೇಳುತ್ತಿರಲಿಲ್ಲ.

ಒಂದು ದಿನ ಎಲ್ಲರೂ ಮಲಗಿದ್ದಾಗ ನಾನು ಹೋದೆ. ಆಚೆ ದಂಡೆಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತಲೆ ಮೇಲೆ ಸೆರಗು ಇತ್ತು. ಅಲುಗಾಡಲಿಲ್ಲ. ನಾನು ಓಡಿಬಂದೆ, ಬಂದು ಹೇಳಿದೆ.

ಅಲ್ಲಿಂದ ಶುರುವಾಯಿತು. ಆಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದರ್ಗಾದಿಂದ ತಾಯತ ತಂದು ಕಟ್ಟಿದರು. ಒಬ್ಬಳೇ ಎಲ್ಲಿಗೂ ಹೋಗುವಂತಿರಲಿಲ್ಲ. ರಾತ್ರಿ ನನ್ನ ಎರಡೂ ಕಡೆ ಇಬ್ಬರು ಮಲಗುತ್ತಿದ್ದರು. ಎದ್ದ ಕೂಡಲೇ ಒಬ್ಬರಾದ ಮೇಲೆ ಒಬ್ಬರು ಕೇಳುತ್ತಿದ್ದರು. ‘ಮತ್ತ ಕಂಡಳೇನವ್ವಾ? ಕರದಳೇನು? ಖರೆ ಹೇಳು.’ ಮೊದಲ ದಿನ ಇಲ್ಲ ಅಂದೆ. ಎರಡನೇ ದಿನವೂ ಇಲ್ಲ ಅಂದೆ. ಯಾರೂ ನಂಬಲಿಲ್ಲ. ಮೂರನೇ ದಿನ ಹೌದು ಅಂದೆ. ನನಗೆ ಏನೂ ಕಂಡಿರಲಿಲ್ಲ. ಆದರೆ ಹೌದು ಅನ್ನುವವರೆಗೆ ಅವರು ಬಿಡುವುದಿಲ್ಲ ಅಂತ ಗೊತ್ತಾಗಿತ್ತು. ಹೌದು ಅಂದ ಮೇಲೆ ನಿಜವಾಗಿಯೂ ಕಾಣತೊಡಗಿದಳು. ಕನಸಿನಲ್ಲಿ, ಅಟ್ಟದ ಮೇಲೆ, ಬಾವಿಯ ಹತ್ತಿರ.

ಮುತ್ಯಾ ಒಬ್ಬರೇ ಏನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಕೊಡೆ ಹಿಡಿದು, ನನ್ನ ಕೈ ಹಿಡಿದು ಹೊಳೆ ದಂಡೆಗೆ ಕರೆದುಕೊಂಡು ಹೋದರು. ಇಬ್ಬರೂ ಜಾಲಿ ಮರದ ನೆರಳಿನಲ್ಲಿ ಕೂತೆವು. ಅವರು ಅಡಿಕೆ ಕತ್ತರಿಸುತ್ತಿದ್ದರು. ನಾನು ಆಚೆ ದಂಡೆ ನೋಡುತ್ತಿದ್ದೆ. ಹೊತ್ತು ಇಳಿಯುವವರೆಗೆ ಕೂತೆವು. ಯಾರೂ ಬರಲಿಲ್ಲ. ಬಂದಿದ್ದರೂ ಅವರು ಪಕ್ಕದಲ್ಲಿ ಇದ್ದರು.

ನಮ್ಮ ಆಯಿಯನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹೊಳೆಯ ಮಡುವು ಮಕ್ಕಳನ್ನು ನುಂಗಿದ್ದು ಅವರು ಕಣ್ಣಾರೆ ಕಂಡಿದ್ದರು. ಬಿಸಿಲು ಬಡಿದು ಸತ್ತವರನ್ನೂ ಕಂಡಿದ್ದರು. ಮಧ್ಯಾಹ್ನದ ದೆವ್ವ ನಮ್ಮ ಹಿರಿಯರು ಹಾಕಿದ ಬೇಲಿ. ಬಾವಿಗೆ ಗೋಡೆ ಕಟ್ಟಿಸಲು ದುಡ್ಡಿಲ್ಲದ ಊರಿನಲ್ಲಿ ಕಥೆಯೇ ಗೋಡೆ. ಅವರ ಪ್ರೀತಿಯಲ್ಲಿ ಒಂದು ಚೂರೂ ಕೊರತೆ ಇರಲಿಲ್ಲ. ಆದರೆ ಆ ಎಂಟು ದಿನ ನನ್ನನ್ನು ಹೆದರಿಸಿದ್ದು ಆಚೆ ದಂಡೆಯ ಹೆಂಗಸಲ್ಲ. ನನ್ನ ಸುತ್ತ ಕೂತು ನನ್ನ ಮುಖವನ್ನೇ ನೋಡುತ್ತಿದ್ದ ದೊಡ್ಡವರು.

‘ದಿ ಇನ್ನೊಸೆಂಟ್ಸ್’ ಮೊದಲ ಸಲ ನೋಡಿದಾಗ ಗಿಡನ್ಸ್ ಆ ಮಕ್ಕಳ ಹೆಗಲು ಹಿಡಿದು ಹೇಳು ಹೇಳು ಅನ್ನುತ್ತಾಳಲ್ಲ, ಅಲ್ಲಿ ನನಗೆ ಉಸಿರು ಕಟ್ಟಿತು. ಅವಳು ಕೆಟ್ಟವಳಲ್ಲ. ಆ ಮಕ್ಕಳನ್ನು ಅಷ್ಟು ಪ್ರೀತಿಸುವವರು ಆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಅದೇ ಈ ಸಿನಿಮಾದ ದುಃಖ.

ಹಾಗಾದರೆ ದೆವ್ವ ನಿಜವೋ, ಅವಳ ಭ್ರಮೆಯೋ?

ಇಲ್ಲಿ ಕಥೆಯ ಗುಟ್ಟು ಬರುತ್ತದೆ. ಸಿನಿಮಾ ನೋಡದವರು ಈ ಉತ್ತರ ಬಿಟ್ಟು ಮುಂದೆ ಹೋಗಿ.

ಎರಡಕ್ಕೂ ಸಾಕ್ಷಿ ಇದೆ. ಭ್ರಮೆ ಅನ್ನುವವರು ಒಂದು ದೃಶ್ಯ ನೋಡಬೇಕು. ಕಣ್ಣಾಮುಚ್ಚಾಲೆ ಆಡುವಾಗ ಗಿಡನ್ಸ್ ಅಟ್ಟಕ್ಕೆ ಹೋಗುತ್ತಾಳೆ. ಅಲ್ಲಿ ಹಳೇ ಸಂಗೀತದ ಪೆಟ್ಟಿಗೆಯೊಳಗೆ ಒಬ್ಬ ಗಂಡಸಿನ ಸಣ್ಣ ಚಿತ್ರ ಸಿಗುತ್ತದೆ. ಅದಾದ ಮೇಲೇ ಕಿಟಕಿಯ ಗಾಜಿನಾಚೆ ಆ ಮುಖ ಸ್ಪಷ್ಟವಾಗಿ ಕಾಣುತ್ತದೆ. ಚಿತ್ರ ಮೊದಲು, ಮುಖ ಆಮೇಲೆ. ಮೂಲ ಕಥೆಯಲ್ಲಿ ಹೀಗಿಲ್ಲ. ಅಲ್ಲಿ ಅವಳು ಚಿತ್ರ ನೋಡದೆಯೇ ಅವನ ಚಹರೆ ಹೇಳುತ್ತಾಳೆ. ಸಿನಿಮಾ ಮಾಡಿದವರು ಬೇಕೆಂದೇ ಅನುಮಾನದ ಬೀಜ ಹಾಕಿದ್ದಾರೆ.

ದೆವ್ವ ನಿಜ ಅನ್ನುವವರ ಕಡೆಗೆ ಒಂದು ಹನಿ ನೀರಿದೆ. ಮಕ್ಕಳು ಓದುವ ಕೋಣೆಯಲ್ಲಿ ಮಿಸ್ ಜೆಸೆಲ್ ಮೇಜಿನ ಮುಂದೆ ಕೂತು ಅಳುತ್ತಿರುತ್ತಾಳೆ. ಗಿಡನ್ಸ್ ಹತ್ತಿರ ಬರುವಷ್ಟರಲ್ಲಿ ಇಲ್ಲ. ಆದರೆ ಸ್ಲೇಟಿನ ಮೇಲೆ ಕಣ್ಣೀರಿನ ಹನಿ ಉಳಿದಿದೆ. ಗಿಡನ್ಸ್ ಬೆರಳಿನಿಂದ ಮುಟ್ಟಿ ನೋಡುತ್ತಾಳೆ. ಭ್ರಮೆಗೆ ಕಣ್ಣೀರು ಎಲ್ಲಿಂದ ಬರಬೇಕು?

ನಮ್ಮ ಮಾಳಿಗೆಯ ಮೇಲೆ ಈ ಹನಿಯ ಬಗ್ಗೆ ರಾತ್ರಿ ಹನ್ನೆರಡರವರೆಗೆ ಜಗಳ ಆಗಿದೆ. ಓಣಿಯ ಒಬ್ಬ ಕಾಕಾ, ರಿಟೈರ್ ಆದ ಗಣಿತದ ಮೇಷ್ಟ್ರು, ‘ಆ ಹನಿ ಆಕಿದೇ ಇರಬೇಕು, ಗಿಡನ್ಸ್‌ದು’ ಅಂದರು. ಮತ್ತೆ ಹಾಕಿ ನೋಡಿದೆವು. ನನಗೆ ಒಪ್ಪಿಗೆ ಆಗಲಿಲ್ಲ. ಆದರೆ ಅವರ ಮಾತು ಇನ್ನೂ ತಲೆಯಲ್ಲಿದೆ.

ನನ್ನ ಅಭಿಪ್ರಾಯ ಕೇಳಿದರೆ, ದೆವ್ವ ಇದ್ದರೂ ಇಲ್ಲದಿದ್ದರೂ ಮೈಲ್ಸ್‌ಗೆ ಆಗುವುದು ಅದೇ. ಕೊನೆಗೆ ಎಲ್ಲರನ್ನೂ ಊರಿಗೆ ಕಳಿಸಿ, ಆ ದೊಡ್ಡ ಮನೆಯಲ್ಲಿ ಹುಡುಗನನ್ನು ಒಬ್ಬನೇ ಇಟ್ಟುಕೊಂಡು, ಅವನ ಬಾಯಿಂದ ಸತ್ತವನ ಹೆಸರು ಹೊರಡಿಸಲು ಅವಳು ಪಟ್ಟು ಹಿಡಿಯುತ್ತಾಳೆ. ಹೆಸರು ಹೊರಬರುತ್ತದೆ. ಹುಡುಗ ಉಳಿಯುವುದಿಲ್ಲ. ನಾನು ಮೂರನೇ ದಿನ ಅಂದ ಹೌದು ಎಂಥದ್ದು ಅಂತ ನನಗೆ ಇಲ್ಲಿ ಅರ್ಥವಾಯಿತು.

ಮಕ್ಕಳನ್ನು ಕೂರಿಸಬಹುದಾ?

ಹನ್ನೆರಡು ದಾಟಿದವರನ್ನು, ಪಕ್ಕದಲ್ಲಿ ದೊಡ್ಡವರಿದ್ದರೆ, ಕೂರಿಸಬಹುದು. ಅದಕ್ಕಿಂತ ಸಣ್ಣವರು ಬೇಡ. 1961ರಲ್ಲಿ ಬ್ರಿಟನ್ನಿನಲ್ಲಿ ಇದಕ್ಕೆ ‘ಎಕ್ಸ್’ ಸರ್ಟಿಫಿಕೇಟ್ ಸಿಕ್ಕಿತ್ತು. ಆಗಿನ ನಿಯಮದಲ್ಲಿ ಹದಿನಾರು ತುಂಬದವರಿಗೆ ಪ್ರವೇಶವಿಲ್ಲ. ಅದರಲ್ಲಿ ನಟಿಸಿದ ಮಕ್ಕಳಿಗೇ ಟಿಕೆಟ್ ಸಿಗುವ ವಯಸ್ಸಾಗಿರಲಿಲ್ಲ.

ರಕ್ತ ಇಲ್ಲ. ಹೊಡೆದಾಟ ಇಲ್ಲ. ಆದರೆ ತಂದೆತಾಯಿ ಮೊದಲೇ ತಿಳಿದಿರಬೇಕಾದ ವಿಷಯಗಳಿವೆ. ಹುಡುಗನ ದಿಂಬಿನ ಕೆಳಗೆ ಕತ್ತು ಮುರಿದ ಪಾರಿವಾಳ ಇರುತ್ತದೆ. ಮೈಲ್ಸ್ ಟೀಚರಿಗೆ ಕೊಡುವ ಒಂದು ಮುತ್ತು ಮಗುವಿನ ಮುತ್ತಿನ ಹಾಗಿರುವುದಿಲ್ಲ, ನೋಡುವವರಿಗೆ ಮುಜುಗರ ಆಗುತ್ತದೆ. ಆಗಬೇಕೆಂದೇ ಹಾಗೆ ತೆಗೆದಿದ್ದಾರೆ. ಸತ್ತ ಇಬ್ಬರ ಸಂಬಂಧದ ಬಗ್ಗೆ, ಮಕ್ಕಳು ಅದನ್ನು ನೋಡಿರಬಹುದು ಅನ್ನುವುದರ ಬಗ್ಗೆ ಮಾತು ಬರುತ್ತದೆ. ಮಕ್ಕಳ ಕಣ್ಣ ಮುಂದೆ ನಡೆಯಬಾರದ್ದು ನಡೆದು, ಅದನ್ನು ಹೇಳಲು ಅವರಿಗೆ ಮಾತು ಸಿಗದೆ ಹೋದರೆ ಏನಾಗುತ್ತದೆ? ಈ ಪ್ರಶ್ನೆ ಸಿನಿಮಾದೊಳಗೆ ಕೂತಿದೆ. ದೊಡ್ಡವರು ಮೊದಲು ಒಮ್ಮೆ ತಾವೇ ನೋಡಿ. ಆಮೇಲೆ ನಿಮ್ಮ ಮಗುವಿಗೆ ಸರಿಯೋ ಅಲ್ಲವೋ ನಿಮಗೇ ತಿಳಿಯುತ್ತದೆ.

ಮೊದಲ ಸಲ ನಾನು ಈ ವಿಷಯದಲ್ಲಿ ತಪ್ಪು ಮಾಡಿದೆ. ಹಳೇ ಸಿನಿಮಾ, ಏನಾಗುತ್ತದೆ ಅಂತ ಸಣ್ಣ ಮಕ್ಕಳನ್ನೂ ಬಿಟ್ಟೆ. ಪಕ್ಕದ ಮನೆಯ ಏಳು ವರ್ಷದ ಹುಡುಗಿ ಎರಡು ರಾತ್ರಿ ದೀಪ ಆರಿಸಲು ಬಿಡಲಿಲ್ಲ. ಅವರ ಅವ್ವನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಆಮೇಲಿಂದ ಗೇಟಿನಲ್ಲೇ ವಯಸ್ಸು ಕೇಳುತ್ತೇನೆ.

ಆ ಮಕ್ಕಳು ನಟಿಸುವಾಗ ಹೆದರಲಿಲ್ಲವೇ?

ಕ್ಲೇಟನ್ ಆ ಮಕ್ಕಳಿಗೆ ಪೂರ್ತಿ ಕಥೆಯನ್ನೇ ಹೇಳಲಿಲ್ಲ. ಆಯಾ ದಿನಕ್ಕೆ ಬೇಕಾದಷ್ಟು ಪುಟ ಕೊಡುತ್ತಿದ್ದರು. ಮೈಲ್ಸ್ ಆದ ಮಾರ್ಟಿನ್ ಸ್ಟೀಫನ್ಸ್ ಅದಕ್ಕೂ ಮೊದಲೇ ಸಿನಿಮಾಗಳಲ್ಲಿ ನಟಿಸಿದ್ದ. ದೊಡ್ಡವನಾದ ಮೇಲೆ ನಟನೆ ಬಿಟ್ಟು ಆರ್ಕಿಟೆಕ್ಟ್ ಆದರು. ಫ್ಲೋರಾ ಆದ ಪಮೆಲಾ ಫ್ರ್ಯಾಂಕ್ಲಿನ್‌ಗೆ ಇದೇ ಮೊದಲ ಸಿನಿಮಾ.

ಇಂಗ್ಲಿಷ್ ಬರುವುದಿಲ್ಲ. ನೋಡಿ ಪ್ರಯೋಜನ ಇದೆಯಾ?

ಇದೆ. ನಮ್ಮಲ್ಲಿ ಅರ್ಧ ಜನಕ್ಕೆ ಇಂಗ್ಲಿಷ್ ಸರಾಗ ಬರುವುದಿಲ್ಲ. ಶುರುವಿಗೆ ಹತ್ತು ನಿಮಿಷ ನಾನು ಕನ್ನಡದಲ್ಲಿ ಕಥೆ ಹೇಳುತ್ತೇನೆ. ಎದುರು ಮನೆಯ ಭಾಭಿ ಅದನ್ನೇ ದಖನಿಯಲ್ಲಿ ಇನ್ನೂ ಚೆಂದ ಮಾಡಿ ಹೇಳುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಡಿ, ಓದಬಲ್ಲ ಮಕ್ಕಳಿಗೆ ಸಹಾಯ ಆಗುತ್ತದೆ. ನಡುವೆ ನಿಲ್ಲಿಸಿ ವಿವರಿಸಬೇಡಿ. ಈ ಸಿನಿಮಾ ಕಟ್ಟಿದ ಮೌನ ಒಮ್ಮೆ ಹರಿದರೆ ಮತ್ತೆ ಹೊಲಿಯಲು ಆಗುವುದಿಲ್ಲ.

ಟಿವಿಯಲ್ಲಿ ನೋಡಬೇಕಾ, ಮೊಬೈಲ್ ಸಾಕಾ?

ಮೊಬೈಲ್ ಬೇಡ. ಇದು ಸಿನಿಮಾಸ್ಕೋಪ್, ಅಗಲ ಜಾಸ್ತಿ, ಎತ್ತರ ಕಡಿಮೆ. ಭಯ ಇರುವುದೇ ಅಂಚಿನಲ್ಲಿ. ಮೊಬೈಲಿನಲ್ಲಿ ಅದು ಕಾಣುವುದಿಲ್ಲ. ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ, ಚಿತ್ರ ಹಿಗ್ಗಿಸಬೇಡಿ. ಕೋಣೆಯ ದೀಪ ಆರಿಸಿ.

ಎಲ್ಲಕ್ಕಿಂತ ಮುಖ್ಯ, ಕೂಲರ್ ಬಂದ್ ಮಾಡಿ. ಈ ಸಿನಿಮಾದಲ್ಲಿ ಪಿಸುಮಾತು, ನಗು, ಪರದೆ ಅಲುಗಾಡುವ ಸದ್ದು, ನೊಣದ ಗುಂಯ್ ಎಲ್ಲವೂ ಮುಖ್ಯ. ನಮ್ಮೂರ ಕೂಲರ್ ಹಚ್ಚಿದರೆ ಅದರಲ್ಲಿ ಒಂದೂ ಕೇಳುವುದಿಲ್ಲ. ಕೂಲರ್ ಇಲ್ಲದೆ ಏಪ್ರಿಲ್‌ನಲ್ಲಿ ಕೂರಲು ಆಗುವುದಿಲ್ಲ. ಅದಕ್ಕೇ ನಾವು ನವೆಂಬರ್‌ನಿಂದ ಜನವರಿಯವರೆಗೆ ಮಾತ್ರ ಇದನ್ನು ಹಾಕುವುದು. ಮಾಳಿಗೆ ಮೇಲೆ ಒಂದೊಂದು ರಗ್ಗು ಹೊದ್ದು ಕೂತರೆ ಸರಿಯಾಗುತ್ತದೆ. ಕರೆಂಟ್ ಹೋದರೆ ಅಂತ ಪ್ರೊಜೆಕ್ಟರ್ ಮತ್ತು ಸ್ಪೀಕರ್ ಎರಡನ್ನೂ ಇನ್ವರ್ಟರ್‌ಗೆ ಜೋಡಿಸಿಡಿ.

ತಿನ್ನಲು ಏನು ತರಬೇಕು?

ಚೂಡಾ, ಹುರಿದ ಶೇಂಗಾ ಬೇಡ. ಕರಕರ ಸದ್ದು. ಮಿರ್ಚಿ ಭಜಿ ಸಿನಿಮಾ ಶುರುವಾಗುವ ಮೊದಲೇ ಮುಗಿಸಿ. ಶೇಂಗಾ ಉಂಡೆ ಆಗಬಹುದು.

ಚಿತ್ರದ ಅಂಚು ಯಾಕೆ ಕಪ್ಪಾಗಿ ಕಾಣುತ್ತದೆ? ಪ್ರೊಜೆಕ್ಟರ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಅದು ಕ್ಯಾಮೆರಾಮನ್ ಫ್ರೆಡ್ಡಿ ಫ್ರಾನ್ಸಿಸ್ ಅವರ ಕೆಲಸ. ಸಿನಿಮಾಸ್ಕೋಪ್ ಬೇಕೇ ಬೇಕು ಅಂತ ಸ್ಟುಡಿಯೋ ಪಟ್ಟು ಹಿಡಿಯಿತು. ಇಂಥ ಒಳಮನೆಯ ಕಥೆಗೆ ಅಷ್ಟು ಅಗಲ ಹೊಂದುವುದಿಲ್ಲ ಅಂತ ಕ್ಲೇಟನ್‌ಗೆ ಚಿಂತೆ. ಫ್ರಾನ್ಸಿಸ್ ಗಾಜಿನ ಫಿಲ್ಟರ್‌ಗಳ ಎರಡು ಬದಿಗೆ ಬಣ್ಣ ಬಳಿಸಿದರು. ನಡುವೆ ಬೆಳಕು, ಅಂಚಿಗೆ ಹೋದಂತೆ ಕತ್ತಲು. ನೋಡುವವರ ಕಣ್ಣು ತಾನಾಗಿಯೇ ಆ ಕತ್ತಲಲ್ಲಿ ಏನಿದೆ ಅಂತ ಹುಡುಕುತ್ತದೆ. ಏನೂ ಇರುವುದಿಲ್ಲ. ಆದರೂ ಹುಡುಕುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಗಿಡನ್ಸ್ ರಾತ್ರಿ ಮೇಣದಬತ್ತಿ ಹಿಡಿದು ಓಡಾಡುವ ದೃಶ್ಯಕ್ಕೆ ಒಂದೇ ಬತ್ತಿಯ ಬೆಳಕು ಸಾಲದು. ಒಂದರಲ್ಲೇ ಹಲವು ಬತ್ತಿ ಹೊಸೆದ ಮೇಣದಬತ್ತಿಗಳನ್ನು ಮಾಡಿಸಿದರು. ನಮ್ಮ ಆಯಿ ಇದ್ದಿದ್ದರೆ ಖುಷಿಪಡುತ್ತಿದ್ದರು. ದೀಪಕ್ಕೆ ಬತ್ತಿ ಹೊಸೆಯುವ ಕೆಲಸ ಅವರಿಗೆ ಗೊತ್ತಿತ್ತು.

ಒಂದು ದೃಶ್ಯ ಇನ್ನೊಂದರೊಳಗೆ ನಿಧಾನವಾಗಿ ಕರಗುವುದನ್ನೂ ಗಮನಿಸಿ. ಹೊಸ ದೃಶ್ಯ ಬಂದರೂ ಹಳೆಯದು ಬಹಳ ಹೊತ್ತು ಉಳಿದಿರುತ್ತದೆ. ಎಡಿಟಿಂಗ್ ಜಿಮ್ ಕ್ಲಾರ್ಕ್ ಅವರದು.

ಶುರುವಿನಲ್ಲಿ ಹಾಡು ಬರುತ್ತದೆ, ಚಿತ್ರ ಬರುವುದಿಲ್ಲ. ಫೈಲ್ ಸರಿ ಇದೆಯಾ?

ಸರಿ ಇದೆ. ಅದು ಹಾಗೇ. ಕಂಪನಿಯ ಲಾಂಛನ ಬರುವುದಕ್ಕೂ ಮೊದಲು ಪೂರ್ತಿ ಕತ್ತಲಲ್ಲಿ ಒಂದು ಎಳೆಯ ದನಿ ಹಾಡುತ್ತದೆ. ಹಾಡು ಬರೆದವರು ಪಾಲ್ ಡೆನ್, ಸಂಗೀತ ಜಾರ್ಜ್ ಓರಿಕ್, ದನಿ ಐಲಾ ಕ್ಯಾಮರನ್. ಜೋಗುಳದ ಹಾಗಿದೆ, ಆದರೆ ವಿಲ್ಲೋ ಮರದ ಕೆಳಗೆ ಮಲಗಿ ಸಾಯುವ ಮಾತಿದೆ. ನಮ್ಮ ಮಾಳಿಗೆಯಲ್ಲಿ ಮೊದಲ ಸಲ ಎಲ್ಲರೂ ಪ್ರೊಜೆಕ್ಟರ್ ಕಡೆ ತಿರುಗಿ ‘ಏನಾತು, ಏನಾತು’ ಅಂದರು. ಈಗ ಮೊದಲೇ ಹೇಳಿಬಿಡುತ್ತೇನೆ. ಕತ್ತಲಲ್ಲಿ ಕೂತು ಬರೀ ಕೇಳಿ.

ದೆವ್ವ ಕಾಣುವಾಗಿನ ವಿಚಿತ್ರ ಸದ್ದುಗಳಲ್ಲಿ ಡ್ಯಾಫ್ನಿ ಓರಮ್ ಎಂಬ ಹೆಂಗಸಿನ ಕೈಯಿದೆ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ದೊಡ್ಡ ಹೆಸರು. ಸಿನಿಮಾದ ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರು ಹಾಕಿಲ್ಲ. ಹಾಕಬೇಕಿತ್ತು.

ಸಪ್ತ ಗುಂಬಜ್ ಹತ್ತಿರ, ಇಲ್ಲಾ ಕೋಟೆಯೊಳಗೆ ತೋರಿಸಿದರೆ ಹೇಗೆ?

ಕಾಲೇಜಿನ ಹುಡುಗರು ಇದನ್ನು ಕೇಳದ ವರ್ಷವಿಲ್ಲ. ಬೇಡ. ಅವು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು, ಅನುಮತಿ ಇಲ್ಲದೆ ಏನೂ ಮಾಡುವಂತಿಲ್ಲ. ಇನ್ನೊಂದು ಕಾರಣವೂ ಇದೆ. ಸಪ್ತ ಗುಂಬಜ್ ಬಹಮನಿ ಅರಸರ ಸಮಾಧಿಗಳು. ಸಮಾಧಿಯನ್ನು ಹೆದರಿಸುವ ಸಾಮಾನು ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬೀದರ ಹತ್ತಿರದ ಅಷ್ಟೂರಿಗೂ ಇದೇ ಮಾತು. ಅಲ್ಲಿ ಹಗಲಲ್ಲಿ ಹೋಗಿ, ಅಹ್ಮದ್ ಶಾಹನ ಗುಂಬಜಿನೊಳಗಿನ ಬಣ್ಣದ ಚಿತ್ತಾರ ನೋಡಿ ಬನ್ನಿ.

ಎಳ್ಳಮಾವಾಸ್ಯೆ ರಾತ್ರಿ ಹಾಕಬಹುದಾ?

ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ ಉಂಡು ಬಂದವರಿಗೆ ಆ ರಾತ್ರಿ ನಿದ್ದೆ ಬರುತ್ತದೆ. ಇದು ನಿಧಾನದ ಸಿನಿಮಾ, ಮೈ ಎಚ್ಚರವಿರಬೇಕು. ಮನೆಯ ಹಿರಿಯರಿಗೆ ಅಮಾವಾಸ್ಯೆ ದಿನ ದೆವ್ವದ ಸುದ್ದಿ ಇಷ್ಟವಾಗದಿದ್ದರೆ ಮರುದಿನ ಹಾಕಿ.

ಇದು ಇಷ್ಟವಾಯಿತು. ಇದರ ಜಾತಿಯ ಹಳೇ ಸಿನಿಮಾ ಬೇರೆ ಯಾವುದಿದೆ?

ಎರಡು ಹೇಳುತ್ತೇನೆ. ಒಂದು ‘ದಿ ಕರ್ಸ್ ಆಫ್ ದಿ ಕ್ಯಾಟ್ ಪೀಪಲ್’, 1944. ಹೆಸರು ಕೇಳಿ ಹೆದರಬೇಡಿ, ಒಳಗಿರುವುದು ತೀರಾ ಮೆದುವಾದ ಕಥೆ. ಏಮಿ ಎಂಬ ಒಂಟಿ ಹುಡುಗಿಗೆ ಯಾರಿಗೂ ಕಾಣದ ಒಬ್ಬ ಗೆಳತಿ ಸಿಗುತ್ತಾಳೆ. ಸುಳ್ಳು ಹೇಳಬೇಡ ಅಂತ ಅಪ್ಪ ಹೊಡೆಯುತ್ತಾನೆ. ಎಪ್ಪತ್ತು ನಿಮಿಷ. ನಿರ್ದೇಶಕರು ಇಬ್ಬರು. ಅವರಲ್ಲಿ ಒಬ್ಬರಾದ ರಾಬರ್ಟ್ ವೈಸ್ ಮುಂದೆ ‘ದಿ ಸೌಂಡ್ ಆಫ್ ಮ್ಯೂಸಿಕ್’ ಮಾಡಿದರು. ಒಂಬತ್ತು ಹತ್ತು ವರ್ಷದವರಿಗೆ ಇದನ್ನು ಹಾಕಬಹುದು.

ಇನ್ನೊಂದು ಸ್ಪೇನಿನದು. ‘ದಿ ಸ್ಪಿರಿಟ್ ಆಫ್ ದಿ ಬೀಹೈವ್’, 1973, ನಿರ್ದೇಶಕ ವಿಕ್ಟರ್ ಎರಿಸೆ. ಇದು ಹೆದರಿಸುವ ಸಿನಿಮಾ ಅಲ್ಲ, ಹೆದರಿಸುವ ಸಿನಿಮಾ ನೋಡಿದ ಒಂದು ಮಗುವಿನ ಸಿನಿಮಾ. 1940ರ ಸುಮಾರು, ಒಂದು ಒಣ ಬಯಲಿನ ಹಳ್ಳಿ. ಲಾರಿಯಲ್ಲಿ ಸಿನಿಮಾ ಬರುತ್ತದೆ. ಊರವರು ಮನೆಯಿಂದ ಕುರ್ಚಿ ಹೊತ್ತುಕೊಂಡು ಬಂದು 1931ರ ‘ಫ್ರಾಂಕನ್‌ಸ್ಟೈನ್’ ನೋಡುತ್ತಾರೆ. ಆನಾ ಎಂಬ ಪುಟ್ಟ ಹುಡುಗಿ ಅಕ್ಕನನ್ನು ಕೇಳುತ್ತಾಳೆ, ಅವನು ಆ ಹುಡುಗಿಯನ್ನು ಯಾಕೆ ಕೊಂದ, ಅವನನ್ನು ಯಾಕೆ ಕೊಂದರು. ಟೆಂಟ್ ಟಾಕೀಸಿನಲ್ಲಿ ಮರಳಿನ ಮೇಲೆ ಕೂತು ಸಿನಿಮಾ ನೋಡಿದ ನಮ್ಮ ಕಡೆಯ ಹಿರಿಯರಿಗೆ ಈ ದೃಶ್ಯ ತೋರಿಸಿ. ನಮ್ಮ ಓಣಿಯ ಕಾಕಾ ಅದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ.

ಸಿನಿಮಾ ಮುಗಿದ ಮೇಲೆ ಮಕ್ಕಳನ್ನು ಏನು ಕೇಳಬೇಕು?

ಹೆದರಿಕೆ ಆಯಿತಾ, ಯಾವುದಕ್ಕೆ ಆಯಿತು, ರಾತ್ರಿ ಒಬ್ಬನೇ ಮಲಗುತ್ತೀಯಾ ಅಂತ ಬೆನ್ನು ಹತ್ತಬೇಡಿ. ಜಮಖಾನೆ ಮಡಚುವಾಗ, ಕುರ್ಚಿ ಕೆಳಗಿಳಿಸುವಾಗ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಕೆಲಸ ಮಾಡುತ್ತ ಅವರೇ ಮಾತು ತೆಗೆಯುತ್ತಾರೆ. ತೆಗೆಯದಿದ್ದರೂ ಪರವಾಗಿಲ್ಲ.

ಹೋದ ಸಲ ಹನ್ನೆರಡು ವರ್ಷದ ಒಬ್ಬ ಹುಡುಗ ಬಂದಿದ್ದ. ಸಿನಿಮಾ ಪೂರ್ತಿ ಒಂದು ಮಾತೂ ಆಡಲಿಲ್ಲ. ದೊಡ್ಡವರೆಲ್ಲ ಆ ಕಣ್ಣೀರಿನ ಹನಿಯ ಬಗ್ಗೆ ಜಗಳ ಮಾಡುತ್ತಿದ್ದರು. ನಾನು ವೈರ್ ಸುತ್ತುತ್ತಿದ್ದೆ, ಅವನು ಇನ್ನೊಂದು ತುದಿ ಹಿಡಿದಿದ್ದ.

‘ಅಕ್ಕಾ, ಫ್ಲೋರಾ ಊರಿಗೆ ಹೋದಳಲ್ಲ’ ಅಂದ.

‘ಹೌದು.’

‘ಆಕಿ ಆಮಿ ಅಲ್ಲೇ ಉಳೀತಲ್ಲ. ಅದನ್ನ ಯಾರು ನೋಡ್ಕೋತಾರ?’

ಅಷ್ಟು ಸಲ ನೋಡಿದರೂ ನನಗೆ ಆ ಆಮೆ ನೆನಪಾಗಿರಲಿಲ್ಲ. ವೈರ್ ಕೆಳಗಿಟ್ಟು ಅವನ ಪಕ್ಕ ಕೂತೆ.